ಬೋಗಾದಿಯಲ್ಲಿ ಮುಖ ಕೇಳಿದ ಬಾಗಿಲು

ಶುಕ್ರವಾರ ಬೆಳಿಗ್ಗೆ ಚಾಮರಾಜನಗರದಲ್ಲಿ ಮೈಸೂರಿನ ಬಸ್ಸು ಹತ್ತಿದೆ. ಮೇ ತಿಂಗಳಾದ್ದರಿಂದ ಎಂಟು ಗಂಟೆಗೇ ಸೀಟಿನ ರೆಕ್ಸಿನ್ ಬಿಸಿಯಾಗಿತ್ತು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ರಾಗಿ ಹಿಟ್ಟು ಮತ್ತು ಹುರುಳಿಕಾಳು. ತಂಗಿ ರತ್ನಳಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದಿತ್ತು. ಅವಳ ಗಂಡ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಲೇಬೇಕಾಗಿ ಬಂದು, ಮಂಗಳವಾರದವರೆಗೆ ಅವಳ ಜೊತೆಗಿರಲು ನಾನು ಹೊರಟಿದ್ದೆ. ನಾನು ಶಾಲೆಯಲ್ಲಿ ವಿಜ್ಞಾನದ ಟೀಚರು. ಬೇಸಿಗೆ ರಜೆ ಇತ್ತು.

ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಕಂಡಕ್ಟರ್ ನನ್ನ ಕಾರ್ಡನ್ನು ಹತ್ತಿರ ಹಿಡಿದು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಾರ್ಡಿನಲ್ಲಿರುವ ಹೆಂಗಸು ಸುಣ್ಣ ಬಳಿದ ಗೋಡೆಯ ಹಾಗಿದ್ದಾಳೆ. ನಾನು ಕಪ್ಪು. ನಮ್ಮ ಮನೆಯಲ್ಲಿ ನಾನೊಬ್ಬಳೇ ಅಪ್ಪನ ಬಣ್ಣ.

"ನೀವೇನಾ?" ಎಂದರು.

ನಾನೇ ಎಂದೆ.

"ಆಧಾರ್‌ನಾಗೆ ಯಾರೂ ಅವ್ರಂಗೆ ಇರಕಿಲ್ಲ ಬುಡಿ. ನನ್ ಫೋಟೋ ನೋಡುದ್ರೆ ನಮ್ಮನೆಯೋಳೇ ಎದ್ರುಕತಾಳೆ," ಎಂದು ಚೀಟಿ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದರು. ಪಕ್ಕದಲ್ಲಿದ್ದ ಹೆಂಗಸು ತನ್ನ ಕಾರ್ಡನ್ನೂ ತೆಗೆದು ನನಗೆ ತೋರಿಸಿ ನಕ್ಕಳು. ಆಗ ಇದು ನೆನಪಿಟ್ಟುಕೊಳ್ಳುವ ಮಾತು ಅನಿಸಿರಲಿಲ್ಲ. ಸಂಜೆಯ ಹೊತ್ತಿಗೆ ಅನಿಸಿತು.

ನಂಜನಗೂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯಲ್ಲೇ ರಸಬಾಳೆ ಕೊಂಡೆ. ಮಾರುವವನು ಹೇಳಿದ ಬೆಲೆ ಕೇಳಿ ಅರ್ಧ ಚಿಪ್ಪು ಸಾಕೆಂದೆ. ಕಪಿಲೆಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳ ಮೇಲೆ ಬಟ್ಟೆ ಒಣಗುತ್ತಿದ್ದವು. ಮೈಸೂರಿನಲ್ಲಿ ಇಳಿದು ನಗರ ಬಸ್ ನಿಲ್ದಾಣದವರೆಗೆ ನಡೆದೆ. ಅಲ್ಲಿಂದ ಬೋಗಾದಿಯ ಬಸ್ಸು ಸಿಕ್ಕಿತು. ನಾನು ಹಿಂದೆ ನೋಡಿದ್ದಾಗ ಬೋಗಾದಿ ಹಳ್ಳಿಯಾಗಿತ್ತು. ಈಗ ರಸ್ತೆಯ ಎರಡೂ ಕಡೆ ಮರಳಿನ ಗುಡ್ಡೆ, ಕಬ್ಬಿಣದ ಸರಳು, ಹುಡುಗಿಯರ ವಸತಿ ನಿಲಯದ ಬೋರ್ಡುಗಳು. ನಡುವೆ ಒಂದು ಹಳೆಯ ಹೆಂಚಿನ ಮನೆ, ಅದರ ಜಗಲಿಯ ಮೇಲೆ ಕಟ್ಟಡದ ಕೆಲಸದವರು ಊಟಕ್ಕೆ ಕೂತಿದ್ದರು.

ರತ್ನಳ ಮನೆ ಹೊಸ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದೆ. ನಡೆದು ಬರುವವರಿಗೆ ಮುಂದುಗಡೆ ಜಾರಿ ತೆರೆಯುವ ಗಾಜಿನ ಬಾಗಿಲು. ಅದರ ಪಕ್ಕದ ಕಂಬಕ್ಕೆ ಪುಸ್ತಕದಷ್ಟು ದೊಡ್ಡ ಪರದೆ, ಮೇಲೆ ಒಂದು ಕ್ಯಾಮರಾ. ಪರದೆಯಲ್ಲಿ ಮೊಟ್ಟೆಯಾಕಾರದ ಗೆರೆ. ಅದರೊಳಗೆ ಮುಖವಿಟ್ಟು ನಿಂತರೆ ಬಾಗಿಲು ತೆರೆಯಬೇಕು. ಹೇಗೆ ನಿಲ್ಲಬೇಕೆಂದು ತೋರಿಸಲು ಒಬ್ಬ ನಗುವ ಮನುಷ್ಯನ ಚಿತ್ರವಿತ್ತು, ಗುಲಾಬಿ ಬಣ್ಣದವನು. ಹೊರಗೆ ಹೋಗುವಾಗಲೂ ಹೀಗೆಯೇ ನಿಲ್ಲಬೇಕು. ಕಾರುಗಳಿಗೆ ಹಿಂದಿನ ರಸ್ತೆಯಲ್ಲಿ ಬೇರೆ ಗೇಟಿದೆ. ಗಾಜಿಗೆ ಅಂಟಿಸಿದ ಚೀಟಿ ಕಂಡರೆ ಅದು ತಾನೇ ತೆರೆಯುತ್ತದೆ. ಕಾರಿನೊಳಗೆ ಕೂತವರ ಮುಖವನ್ನು ಅದು ಕೇಳುವುದಿಲ್ಲ.

ಕಾವಲಿನ ಸೋಮಣ್ಣ ನನ್ನ ಹೆಸರು ಕೇಳಿಕೊಂಡು, ಅತಿಥಿಗಳ ಮುಖವನ್ನೂ ಒಮ್ಮೆ ಸೇರಿಸಬೇಕೆಂದು ನನ್ನನ್ನು ಪರದೆಯ ಮುಂದೆ ನಿಲ್ಲಿಸಿದರು. ಗೆರೆಯೊಳಗೆ ನಿಂತೆ. ಯಂತ್ರದಿಂದ ಒಬ್ಬ ಹೆಂಗಸಿನ ಸ್ವರ ಬಂತು, ಸ್ಪಷ್ಟವಾದ ಕನ್ನಡ: "ಮುಖ ಕಾಣಿಸುತ್ತಿಲ್ಲ. ದಯವಿಟ್ಟು ನಿಮ್ಮ ಮುಖ ತೋರಿಸಿ."

ಕನ್ನಡಕ ತೆಗೆದೆ. ಅದೇ ಮಾತು. ಒಂದು ಹೆಜ್ಜೆ ಮುಂದೆ ಹೋದೆ, ಹಿಂದೆ ಬಂದೆ. ನನ್ನ ಹಿಂದೆ ಇಬ್ಬರು ವಿದ್ಯಾರ್ಥಿಗಳು ಕಾಯುತ್ತಿದ್ದರು. "ದಯವಿಟ್ಟು ನಿಮ್ಮ ಮುಖ ತೋರಿಸಿ," ಎಂದು ಅದು ಹೇಳುತ್ತಲೇ ಇತ್ತು. ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಇದೆಯೋ ಇಲ್ಲವೋ ಎಂದು ನೋಡಿಕೊಂಡ ಹಾಗೆ.

ಸೋಮಣ್ಣ ತಮ್ಮ ಗೂಡಿನ ಕಿಟಕಿಯಿಂದ ಒಂದು ಪೌಡರ್ ಡಬ್ಬಿ ತಂದು ನನ್ನ ಮುಂದೆ ಹಿಡಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. "ಒಸಿ ಆಕ್ಕಳಿ ಮೇಡಂ. ಆಗ ಇಡ್ಕತದೆ. ಎಲ್ಲಾ ಅಂಗೇ ಮಾಡದು."

ಬೇಡ ಎಂದೆ. ಅವರು ಡಬ್ಬಿ ಮುಚ್ಚಿಟ್ಟು, ಜೇಬಿನಿಂದ ರಿಮೋಟ್ ತೆಗೆದು ಒತ್ತಿದರು. ಬಾಗಿಲು ಸರಿಯಿತು. ಸೋಮವಾರದಿಂದ ಈ ರಿಮೋಟ್ ತಮ್ಮ ಕೈಯಲ್ಲಿರುವುದಿಲ್ಲ, ಅಷ್ಟರೊಳಗೆ ಹೇಗಾದರೂ ಮುಖ ಸೇರಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಲಿಫ್ಟಿನಲ್ಲಿ ಅದೇ ವಿಷಯದ ಪ್ರಕಟಣೆ ಅಂಟಿಸಿತ್ತು: ಭದ್ರತೆಯ ಕಾರಣ ಸೋಮವಾರದಿಂದ ಕೈಯಿಂದ ಬಾಗಿಲು ತೆರೆಯುವುದಿಲ್ಲ, ಮುಖ ಹೊಂದದ ಕೆಲಸದವರ ಪ್ರವೇಶ ರದ್ದಾಗುತ್ತದೆ.

ರತ್ನ ವಾಕರ್ ಹಿಡಿದು ಬಾಗಿಲಿಗೇ ಬಂದಿದ್ದಳು. ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು. ಅದನ್ನು ಎತ್ತಿಟ್ಟು, ಅದರ ಹಿಂದೆ ಒಂದು ಹೆಜ್ಜೆ ಹಾಕುತ್ತಾಳೆ. ನಡೆದದ್ದನ್ನು ಹೇಳಿದೆ. ಅವಳು ಅಮ್ಮನ ಬಣ್ಣ, ಕೆಂಪಗೆ ಇದ್ದಾಳೆ. ಬಾಗಿಲು ತನಗೆ ಒಂದು ಸಲವೂ ತೊಂದರೆ ಕೊಟ್ಟಿಲ್ಲ ಎಂದಳು. ಆಮೇಲೆ ತಟ್ಟೆಗೆ ಉಪ್ಪಿಟ್ಟು ಹಾಕುತ್ತಾ, ನನ್ನ ಕಡೆ ನೋಡದೆ, "ಒಂದು ಚೂರು ಪೌಡರ್ ಹಾಕ್ಕೊಂಡ್ರೆ ನಿಂದೇನು ಹೋಗುತ್ತಕ್ಕ? ಅಮ್ಮ ಹಾಕ್ತಿರ್ಲಿಲ್ವಾ?" ಎಂದು ಕೇಳಿದಳು.

ಅಮ್ಮ ಹಾಕುತ್ತಿದ್ದಳು. ಶಾಲೆಯಲ್ಲಿ ಫೋಟೋ ತೆಗೆಯುವ ದಿನ ನನಗೆ ಎರಡು ಸಲ, ರತ್ನಳಿಗೆ ಒಂದೂ ಇಲ್ಲ. ಉಪ್ಪಿಟ್ಟು ತಿಂದೆ.

ಶನಿವಾರ ಬೆಳಿಗ್ಗೆ ಚಿಕ್ಕತಾಯಮ್ಮ ಕೆಲಸಕ್ಕೆ ಬಂದರು. ಅವರು ಕುಂಬಾರಕೊಪ್ಪಲಿನವರು, ದಿನವೂ ಎರಡು ಬಸ್ಸು ಬದಲಾಯಿಸಿ ಬಂದು ಈ ಕಟ್ಟಡದಲ್ಲಿ ನಾಲ್ಕು ಮನೆಗಳ ಪಾತ್ರೆ, ನೆಲದ ಕೆಲಸ ಮಾಡುತ್ತಾರೆ. ನನಗಿಂತ ಕಪ್ಪು, ನನಗಿಂತ ಎತ್ತರ. ಅಂದು ಅವರ ಮುಖದ ಮೇಲೆ ಪೌಡರ್ ದಪ್ಪಗೆ ಕೂತಿತ್ತು. ಬೆವರು ಹರಿದ ಕಡೆ ಗೆರೆ ಬಿದ್ದಿತ್ತು. ಒಳಗೆ ಬಂದವರೇ ನೇರ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡರು. ತೊಳೆದ ಮೇಲೆ ಎರಡೂ ಕೆನ್ನೆಯ ಮೇಲೆ ಗುಳ್ಳೆಗಳು ಕಂಡವು, ಕೆಲವು ಒಡೆದಿದ್ದವು. ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟಿದ್ದಾರೆ, ಪೌಡರ್ ಮುಟ್ಟಲೇ ಕೂಡದು ಎಂದಿದ್ದಾರೆ ಎಂದು ರತ್ನ ಪಿಸುಗುಟ್ಟಿದಳು.

ಮಧ್ಯಾಹ್ನ ರತ್ನಳ ಔಷಧಿ ತರಲು ಪೇಟೆಗೆ ಹೊರಟಾಗ ಚಿಕ್ಕತಾಯಮ್ಮನೂ ಕೆಲಸ ಮುಗಿಸಿ ಹೊರಟಿದ್ದರು. ಒಂದೇ ಬಸ್ಸಿನಲ್ಲಿ ಕೂತೆವು. ಅವರು ಕಿಟಕಿಯ ಪಕ್ಕ ಕೂತು, ಗಾಳಿ ಕೆನ್ನೆಗೆ ತಾಗುವ ಹಾಗೆ ಮುಖ ಹೊರಗೆ ಮಾಡಿಕೊಂಡರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಈ ಯಂತ್ರದ ಬಾಗಿಲು ಬಂದಾಗಿನಿಂದ ಎಂದರು. ಕೆಲಸದವರು ಹೊತ್ತಿಗೆ ಸರಿಯಾಗಿ ಒಳಗೆ ಬರದಿದ್ದರೆ ಮನೆಯವರ ಮೊಬೈಲಿಗೆ 'ಬಂದಿಲ್ಲ' ಎಂದು ಸಂದೇಶ ಹೋಗುತ್ತದೆ. ಬಾಗಿಲ ಹೊರಗೆ ನಿಂತು ಮುಖ ತೋರಿಸುತ್ತಿದ್ದರೂ ಹೋಗುತ್ತದೆ. ಪೌಡರ್ ಯಾಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಮೊದ್ಲು ಎಲ್ಲಾರ್ನೂ ನಿಲ್ಸಿ ಫೋಟೋ ತಗುದ್ರು ಕಣವ್ವ. ನನ್ ಮಕ ಅದುಕ್ಕೆ ಕಾಣ್ನೇ ಇಲ್ಲ. ಕಂಪ್ನಿಯಿಂದ ಬಂದಿದ್ದೋನೇ ಪೌಡರ್ ತರ್ಸಿ ಕೊಟ್ಟ. ಆಕ್ಕಂಡೆ, ತಗುದ್ಬುಟ್ಟ. ಈಗ ಅದುಕ್ಕೆ ಪೌಡರ್ ಮಕನೇ ಗೊತ್ತಿರದು. ತೊಳ್ಕಂಡು ಓದ್ರೆ, ನೀನ್ಯಾರು ಅಂತದೆ."

ಹುಣಸೂರು ರಸ್ತೆಯ ಮರಗಳು ಹಿಂದೆ ಹೋಗುತ್ತಿದ್ದವು. ಯಂತ್ರದೊಳಗೆ ಈ ಹೆಂಗಸಿನ ಹೆಸರಿನಲ್ಲಿ ಇನ್ಯಾರದೋ ಮುಖವಿದೆ. ದಿನವೂ ಬೆಳಿಗ್ಗೆ ಇವರು ಅವಳಾಗಿ ಹೋಗಬೇಕು. ಸೋಮವಾರ ಏನು ಮಾಡುತ್ತೀರಿ ಎಂದು ಕೇಳಿದೆ. ಏನು ಮಾಡುವುದೋ ಗೊತ್ತಿಲ್ಲ, ನಾಲ್ಕು ಮನೆ ಒಂದೇ ಬಾಗಿಲ ಹಿಂದೆ ಇದೆ, ಹೋದರೆ ನಾಲ್ಕೂ ಹೋಗುತ್ತವೆ ಎಂದರು. ನಗರ ನಿಲ್ದಾಣದಲ್ಲಿ ಇಳಿದು ಕುಂಬಾರಕೊಪ್ಪಲಿನ ಬಸ್ಸಿಗೆ ಹೋಗುವ ಮುಂಚೆ ತಿರುಗಿ, ನಾಳೆ ಒಂದು ಸಲ ಆ ಬಾಗಿಲ ಮುಂದೆ ತಮ್ಮ ಜೊತೆ ನಿಲ್ಲುತ್ತೀರಾ ಎಂದು ಕೇಳಿದರು. ನಿಲ್ಲುತ್ತೇನೆ ಎಂದೆ.

ಭಾನುವಾರ ಅವರು ಬರಿಯ ಮುಖದಲ್ಲಿ ಬಂದರು, ಮುಲಾಮು ಮಾತ್ರ ಹಚ್ಚಿತ್ತು. ಸೋಮಣ್ಣ ಹಳೆಯ ಫೋಟೋ ಅಳಿಸಿ ಹೊಸದನ್ನು ಸೇರಿಸಲು ಒಪ್ಪಿದರು. ಅಳಿಸುವುದು ಸುಲಭವಾಗಿ ಆಯಿತು. ಸೇರಿಸುವುದು ಆಗಲಿಲ್ಲ. ಕ್ಯಾಮರಾ ಮೂಡಣಕ್ಕೆ ಮುಖ ಮಾಡಿದೆ. ಬೆಳಗಿನ ಆಕಾಶವೆಲ್ಲ ನಿಂತವರ ಬೆನ್ನ ಹಿಂದೆ ಉರಿಯುತ್ತಿರುತ್ತದೆ. ನಾನು ನನ್ನ ಸೀರೆಯ ಸೆರಗನ್ನು ಅವರ ಹಿಂದೆ ಪರದೆಯ ಹಾಗೆ ಹಿಡಿದೆ. ಸೋಮಣ್ಣ ಛತ್ರಿ ಬಿಚ್ಚಿದರು. ಯಂತ್ರ ತನ್ನ ಮಾತು ಬಿಡಲಿಲ್ಲ. ನಾವು ಮೂವರೂ ಮಾಡಿದ ತಪ್ಪು ಆಗ ಹೊಳೆಯಿತು: ಪೌಡರ್ ಮುಖವೂ ಈಗ ಅದರಲ್ಲಿಲ್ಲ. ಚಿಕ್ಕತಾಯಮ್ಮನ ಹೆಸರಿನ ಮುಂದೆ ಖಾಲಿ ಗೆರೆ ಮಾತ್ರ ಇತ್ತು.

ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆಗೆ ಹೋದೆ. ಸಭ್ಯ ಮನುಷ್ಯ, ಕೂರಿಸಿ ಕಾಫಿ ಕೊಟ್ಟರು. ಬೆಳಕಿನ ಸಣ್ಣ ತೊಂದರೆ ಅದು, ನಾಳೆ ಕಂಪನಿಯವರೇ ಬಂದು ಸರಿಮಾಡುತ್ತಾರೆ ಎಂದರು. ಸರಿಯಾಗುವವರೆಗೆ ರಿಮೋಟ್ ಇರಲಿ ಎಂದು ಕೇಳಿದೆ. ತೀರ್ಮಾನವಾಗಿಬಿಟ್ಟಿದೆ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು. ಆಮೇಲೆ, "ನಿಮಗೇನೂ ಯೋಚ್ನೆ ಬೇಡ ಮೇಡಂ. ನೀವು ಅತಿಥಿಗಳು. ನಿಮಗೊಂದು ನಂಬರ್ ಕೊಡ್ತೀನಿ, ಒತ್ತಿದ್ರೆ ಬಾಗ್ಲು ತೆಗಿಯುತ್ತೆ," ಎಂದರು. ಚಿಕ್ಕತಾಯಮ್ಮನಿಗೂ ಅದನ್ನೇ ಕೊಡಿ ಎಂದೆ. ಕೆಲಸದವರಿಗೆ ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದಂತೆ. ಹಾಗಾದರೆ ನನಗೂ ಬೇಡ ಎಂದು ಎದ್ದು ಬಂದೆ. ಕಾಫಿ ಅರ್ಧ ಉಳಿದಿತ್ತು.

ಅಷ್ಟರಲ್ಲಿ ಸುದ್ದಿ ಮೇಲಕ್ಕೆ ಹೋಗಿತ್ತು. ರತ್ನ ಕೋಪದಲ್ಲಿದ್ದಳು. "ನಾನಿಲ್ಲಿ ಬಾಳ್ವೆ ಮಾಡ್ಬೇಕು ಕಣಕ್ಕ. ನೀನು ಮಂಗಳವಾರ ಚೀಲ ಎತ್ಕೊಂಡು ಹೊರಟ್ಹೋಗ್ತೀಯ. ಆಮೇಲೆ ಲಿಫ್ಟಲ್ಲಿ ಅವರ ಮುಖ ನೋಡೋಳು ನಾನು."

"ನಿನ್ನ ಮುಖವನ್ನಾದರೂ ಅವರು ನೋಡ್ತಾರಲ್ಲ," ಎಂದೆ. ಹೇಳಬಾರದಿತ್ತೇನೋ. ಆದರೂ ಹಿಂತೆಗೆದುಕೊಳ್ಳಲಿಲ್ಲ. ಆ ಸಂಜೆ ಗುಡುಗಿ ಒಂದು ಅಡ್ಡಮಳೆ ಬಂತು. ಹುರುಳಿಕಾಳಿನ ಸಾರು, ಮುದ್ದೆ ಮಾಡಿದೆ. ರತ್ನ ತನಗೆ ತಾನೇ ಬಡಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಹಾಲು ತರಲು ಇಳಿದೆ. ಹೊರಗೆ ಬಿಡುವಾಗ ಸೋಮಣ್ಣನ ಕೈಯಲ್ಲಿ ಇನ್ನೂ ರಿಮೋಟ್ ಇತ್ತು. ಅಂಗಡಿಯಲ್ಲಿ ಜನವಿತ್ತು, ಹಾಲು, ಕೊತ್ತಂಬರಿ ಕಟ್ಟು ತೆಗೆದುಕೊಂಡು ಮರಳುವಷ್ಟರಲ್ಲಿ ರಿಮೋಟ್ ಸಂಘದ ಆಫೀಸಿನ ಬೀರುವಿಗೆ ಹೋಗಿತ್ತು. ಬಾಗಿಲ ಹೊರಗೆ ಚಿಕ್ಕತಾಯಮ್ಮ ನಿಂತಿದ್ದರು, ಅವರ ಹಿಂದೆ ಇನ್ನೂ ಐದಾರು ಹೆಂಗಸರು. ಕೆಲವರ ಕೈಯಲ್ಲಿ ಪೌಡರ್ ಡಬ್ಬಿ. ಕಂಪನಿಯಿಂದ ಬಂದ ಯುವಕ ಲ್ಯಾಪ್‌ಟಾಪನ್ನು ಗೂಡಿನ ಕಟ್ಟೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದ. ಒಳಗಡೆ, ಗಾಜಿನ ಆಚೆ ಕಾರ್ಯದರ್ಶಿ ನಿಂತಿದ್ದರು.

ಯುವಕ ವಿನಯದಿಂದಲೇ ಮಾತಾಡಿದ. ಯಂತ್ರದಲ್ಲಿ ದೋಷವಿಲ್ಲ, ಆಫೀಸಿನಲ್ಲಿ ಎಲ್ಲರ ಮೇಲೂ ಪರೀಕ್ಷೆ ಮಾಡಿಯೇ ಕಳಿಸುತ್ತೇವೆ ಎಂದ. ಎಲ್ಲರೂ ಎಂದರೆ ಯಾರು, ನಿಮ್ಮ ಆಫೀಸು ಗುಡಿಸುವವರೂ ನಿಂತಿದ್ದರೇ ಎಂದು ಕೇಳಿದೆ. ಅವನು ತಪ್ಪಿಸಿಕೊಳ್ಳಲಿಲ್ಲ, ಒಂದು ಕ್ಷಣ ಯೋಚಿಸಿದ. "ಅವ್ರು ನಾವು ಬರೋಕ್ಕೆ ಮುಂಚೆನೇ ಬಂದು ಹೋಗಿರ್ತಾರೆ ಮೇಡಂ," ಎಂದ.

ಆಮೇಲೆ ಅವನು ತನಗೆ ತಿಳಿದ ಉಪಾಯ ಮಾಡಿದ. ಮೊಬೈಲಿನ ಟಾರ್ಚ್ ಹಚ್ಚಿ ಚಿಕ್ಕತಾಯಮ್ಮನ ಮುಖದ ಮೇಲೆ ಬಿಟ್ಟ. ಅವರ ಕಣ್ಣು ಮುಚ್ಚಿಹೋದವು. ಒಡೆದ ಗುಳ್ಳೆಗಳೆಲ್ಲ ಬೆಳಕಿನಲ್ಲಿ ಎದ್ದು ಕಂಡವು. ಕಣ್ಣು ಬಿಡಿ ಅಮ್ಮ, ಸ್ವಲ್ಪ ಎಡಕ್ಕೆ, ಗದ್ದ ಎತ್ತಿ ಎಂದು ಹೇಳುತ್ತಿದ್ದ. ಅವರು ಎಡಕ್ಕೆ ತಿರುಗಿದರು. ಗದ್ದ ಎತ್ತಿದರು. ಯಂತ್ರ ಮುಖ ಕೇಳಿತು. ಅವನು ಟಾರ್ಚನ್ನು ಇನ್ನೂ ಹತ್ತಿರ ತಂದ. ಆಗ ಅವರು ಅವನ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ಕಳ್ಳರ ಮಕುಕ್ಕೆ ಬ್ಯಾಟ್ರಿ ಬುಟ್ಟಂಗೆ ಬುಡ್ಬೇಡ ಕಣಪ್ಪ. ನಾನು ಕೆಲ್ಸುಕ್ ಬಂದಿರೋಳು."

ಅವರು ಗೂಡಿನ ಪಕ್ಕದ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು. ಉಜ್ಜಲಿಲ್ಲ, ನೋಯುತ್ತಿತ್ತು. ಬಂದು ಯಂತ್ರದ ಮುಂದೆ ನೀರು ತೊಟ್ಟಿಕ್ಕುವ ಮುಖದಲ್ಲಿ ನಿಂತರು. ಹಿಂದಿದ್ದ ಹೆಂಗಸರಲ್ಲಿ ಪೌಡರ್ ಹಾಕಿಕೊಂಡಿದ್ದ ಒಬ್ಬಳು, ಪಿರಿಯಾಪಟ್ಟಣದ ಕಡೆಯವಳಂತೆ, ತಾನೂ ನಲ್ಲಿಗೆ ಹೋದಳು. ಇನ್ನೊಬ್ಬಳು ಹೋದಳು. ನಾನು ಕನ್ನಡಕ ತೆಗೆದು ಜೇಬಿಲ್ಲದ ರವಿಕೆಗೆ ಸಿಕ್ಕಿಸಿಕೊಂಡು ಚಿಕ್ಕತಾಯಮ್ಮನ ಪಕ್ಕ ನಿಂತೆ.

"ಮುಖ ಕಾಣಿಸುತ್ತಿಲ್ಲ," ಎಂದಿತು ಯಂತ್ರ.

"ನಿನಗ್ ಕಾಣ್ದೇ ಇದ್ರೆ ನನಗೇನಮ್ಮಿ. ನಾನಂತೂ ನಿಂತಿವ್ನಿ," ಎಂದರು ಚಿಕ್ಕತಾಯಮ್ಮ, ಜಗಳದ ನೆರೆಮನೆಯವಳ ಜೊತೆ ಮಾತಾಡುವ ಹಾಗೆ. ಹೆಂಗಸರು ನಕ್ಕರು. ಮೇಲಿನ ಮನೆಗಳ ಮೊಬೈಲುಗಳಿಗೆ ಒಂದೊಂದಾಗಿ 'ಬಂದಿಲ್ಲ' ಎಂಬ ಸಂದೇಶ ಹೋಗುತ್ತಿತ್ತು. ಬಾಲ್ಕನಿಗಳಲ್ಲಿ ಜನ ಬಗ್ಗಿ ನೋಡಿದರು. ಬಂದವರು ಕೆಳಗೇ ಕಾಣುತ್ತಿದ್ದರು. ಕಾರ್ಯದರ್ಶಿ ಗಾಜಿನ ಆಚೆಯಿಂದ ಕೈಸನ್ನೆ ಮಾಡಿ, ದಾರಿ ಬಿಡಿ, ಪಕ್ಕಕ್ಕೆ ಹೋಗಿ ಎನ್ನುತ್ತಿದ್ದರು. ಯಾರೂ ಹೋಗಲಿಲ್ಲ. ಹಾಲಿನ ಪೊಟ್ಟಣ ನನ್ನ ಕೈಯಲ್ಲಿ ಬೆಚ್ಚಗಾಗುತ್ತಿತ್ತು. ಹೆದರಿಕೆಯಾಗುತ್ತಿತ್ತು ಎನ್ನುವುದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಇವರು ಸಾಯಂಕಾಲ ಕೆಲಸವಿಲ್ಲದೆ ಮನೆಗೆ ಹೋಗಬೇಕಾಗಬಹುದು. ನನಗೆ ಊರಿನ ಬಸ್ಸಿದೆ.

ಆಗ ಲಿಫ್ಟಿನ ಬಾಗಿಲು ತೆರೆದು ರತ್ನ ಹೊರಬಂದಳು. ರಾತ್ರಿಯ ನೈಟಿಯ ಮೇಲೆ ಟವೆಲು ಹೊದ್ದಿದ್ದಳು. ವಾಕರ್ ಎತ್ತಿಟ್ಟು, ಹೆಜ್ಜೆ ಹಾಕಿ, ಮತ್ತೆ ಎತ್ತಿಟ್ಟು ಬಂದಳು. ಕಾರ್ಯದರ್ಶಿ ಏನೋ ಹೇಳಲು ಹೋದರು. ಅವಳು ಅವರನ್ನು ದಾಟಿ ಒಳಗಿನ ಪರದೆಯ ಮುಂದೆ ನಿಂತಳು. ಯಂತ್ರ ಅವಳ ಹೆಸರು ಹಿಡಿದು ಸ್ವಾಗತಿಸಿತು. ಬಾಗಿಲು ಸರಿಯಿತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಹೊಸಿಲಿನ ನಡುವೆ ವಾಕರ್ ಊರಿ, ಅಲ್ಲೇ ನಿಂತುಬಿಟ್ಟಳು.

ಗಾಜು ಮುಚ್ಚಲು ಬಂದು, ವಾಕರಿಗೆ ತಾಗುವ ಮೊದಲೇ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. "ಬಾಗಿಲು ಮುಚ್ಚಬೇಕಿದೆ. ದಯವಿಟ್ಟು ದಾರಿ ಬಿಡಿ," ಎಂದು ಅದೇ ಸ್ವರ ಹೇಳಿತು.

"ಬನ್ರಮ್ಮ ಒಳಗೆ. ಬೇಗ ಬನ್ನಿ, ನಂಗೆ ಕಾಲು ನೋಯ್ತಿದೆ," ಎಂದಳು ರತ್ನ.

ಚಿಕ್ಕತಾಯಮ್ಮ ಮೊದಲು ಹೋದರು. ದಾಟುವಾಗ ರತ್ನಳ ತೋಳು ಮುಟ್ಟಿದರು, ಅಷ್ಟೇ. ಹಿಂದೆ ಉಳಿದವರು ಒಬ್ಬೊಬ್ಬರಾಗಿ ಹೋದರು. ಕಾರ್ಯದರ್ಶಿ ಇವತ್ತೊಂದು ದಿನ ಮಾತ್ರ, ನಾಳೆ ಹೀಗೆಲ್ಲ ಆಗುವುದಿಲ್ಲ ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿದರು. ಚಿಕ್ಕತಾಯಮ್ಮ ಲಿಫ್ಟಿನ ಹತ್ತಿರ ನಿಂತು ತಿರುಗಿದರು.

"ನಾಳಿಕ್ಕೂ ಇದೇ ಮಕದಲ್ಲೇ ಬತ್ತೀವಿ ಸ್ವಾಮಿ. ಇನ್ನೊಂದ್ ಮಕ ನಮ್ತಾವ್ ಇಲ್ಲ."

ಕೊನೆಯಲ್ಲಿ ನಾನು ದಾಟಿದೆ. ರತ್ನಳ ತುಟಿ ನೋವಿಗೆ ಬಿಳಿಚಿತ್ತು. ವಾಕರ್ ಎತ್ತಿಕೊಡಲು ಹೋದೆ. ಅವಳು ಬೇಡವೆಂದು ತಲೆಯಾಡಿಸಿ, ಅದನ್ನು ಅಲ್ಲೇ ಬಿಟ್ಟು ನನ್ನ ಹೆಗಲು ಹಿಡಿದುಕೊಂಡಳು. ಚಿಕ್ಕತಾಯಮ್ಮ ವಾಪಸ್ಸು ಬಂದು ಇನ್ನೊಂದು ಕಡೆ ಹಿಡಿದರು. ಮೂವರೂ ಮೇಲೆ ಹೋದೆವು. ಹಾಲು ಕಾಯಿಸಿದೆ; ಒಡೆದಿರಲಿಲ್ಲ.

ಅಂದು ಸಂಜೆ ಸಂಘದ ಸಭೆ ಸೇರಿತು. ನನ್ನನ್ನು ಕರೆಯಲಿಲ್ಲ. ರತ್ನ ಗೋಡೆ ಹಿಡಿದುಕೊಂಡು ಹೋಗಿ ಬಂದಳು. ತೀರ್ಮಾನವಾಗಿಲ್ಲ, ಇಬ್ಬರು ಬೈದರು, ಯಾರೂ ನಿರೀಕ್ಷಿಸದ ಮೂವರು ತನ್ನ ಪರ ಮಾತಾಡಿದರು ಎಂದಳು. ವಾಕರ್ ಕೆಳಗೇ ಇತ್ತು. ಅದನ್ನು ತೆಗೆಯಲು ಹೇಳಿದಾಗ ಸೋಮಣ್ಣ, ಅದು ರೋಗಿಯ ಸಾಮಾನು, ಅವರು ಹೇಳದೆ ತಾನು ಮುಟ್ಟುವುದಿಲ್ಲ ಎಂದರಂತೆ. ನಿನಗೆ ಬೇಡವೇ ಎಂದು ಕೇಳಿದೆ. ಮನೆಯಲ್ಲಿ ಗೋಡೆಗಳಿವೆ, ನಾಳೆ ಗಂಡ ಬರುತ್ತಾನೆ ಎಂದಳು. ಮಲಗುವ ಮುಂಚೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಮಂಗಳವಾರ ಬೆಳಿಗ್ಗೆ ಚೀಲ ಹಿಡಿದು ಇಳಿದೆ. ಈ ಸಲ ಒಂದೇ ಚೀಲ. ನಾನು ಹೊರಗೆ ಹೋಗುವಾಗ ಚಿಕ್ಕತಾಯಮ್ಮ ಒಳಗೆ ಬರುತ್ತಿದ್ದರು. ಕೆನ್ನೆಯ ಗುಳ್ಳೆಗಳು ಇನ್ನೂ ಆರಿರಲಿಲ್ಲ, ಮುಲಾಮು ಹೊಳೆಯುತ್ತಿತ್ತು. ಬಸ್ಸು ತಪ್ಪೀತು, ಬಿರ್ರನೆ ಹೋಗಿ ಎಂದರು.

ನಿಲ್ದಾಣ ರಸ್ತೆಯ ಆಚೆಗೇ ಇದೆ. ಅಲ್ಲಿಂದ ಬಾಗಿಲು ಕಾಣುತ್ತದೆ. ಬಸ್ಸು ಬರುವವರೆಗೆ ನೋಡುತ್ತಾ ನಿಂತೆ. ಹೊಸಿಲಿನಲ್ಲಿ ನಾಲ್ಕು ಕಾಲೂರಿ ವಾಕರ್ ನಿಂತಿತ್ತು. ಗಾಜು ಅದರ ಹತ್ತಿರ ಬಂದು ಬಂದು ಹಿಂದೆ ಹೋಗುತ್ತಿತ್ತು. ಪಕ್ಕದಲ್ಲಿ ಸಂದು ಮಾಡಿಕೊಂಡು ಹೆಂಗಸರು ಒಳಗೆ ಹೋಗುತ್ತಿದ್ದರು. ಮರಳಿನ ಲಾರಿ ದಾಟಿ ರಸ್ತೆ ಒಂದಿಷ್ಟು ನಿಶ್ಶಬ್ದವಾದಾಗ ಆ ಸ್ವರ ನನ್ನವರೆಗೂ ಬಂತು. ದಯವಿಟ್ಟು ದಾರಿ ಬಿಡಿ ಎಂದು ಅದು ಕೇಳಿಕೊಳ್ಳುತ್ತಿತ್ತು. ಯಾರೂ ಬಿಟ್ಟಿರಲಿಲ್ಲ.